ಗೂಬೆಯ ಕೂಗಿಗೆ ಓಗೊಡುವ ಕೋಳಿ

ಟರ್ಕಿ ಕೋಳಿ ಎಂದರೆ ನಮ್ಮಂಥವರಿಗೆ ನೆನಪಾಗುವುದು ಅಮೆರಿಕದಲ್ಲಿರುವ ಮಕ್ಕಳೋ ನೆಂಟರ ಮಕ್ಕಳೋ ನವೆಂಬರ್ ತಿಂಗಳಲ್ಲಿ ಕಳಿಸುವ ಥ್ಯಾಂಕ್ಸ್‌ಗಿವಿಂಗ್ ಊಟದ ಫೋಟೋ. ಮೇಜಿನ ನಡುವೆ ಕಂದು ಬಣ್ಣಕ್ಕೆ ಬೆಂದ ದೊಡ್ಡದೊಂದು ಕೋಳಿ, ಸುತ್ತ ನಗುವ ಮುಖಗಳು. ನಾನು ಹೇಳಹೊರಟಿರುವುದು ಆ ತಟ್ಟೆಯ ಕೋಳಿಯ ಕತೆಯಲ್ಲ, ಅದರ ಕಾಡಿನ ಅಣ್ಣನ ಕತೆ. ನಾನು ಸಸ್ಯಾಹಾರಿ, ಬಂದೂಕು ಮುಟ್ಟಿದವನೂ ಅಲ್ಲ. ಆದರೂ ಬೇಟೆಯ ಚರಿತ್ರೆ ಓದುವುದೆಂದರೆ ಇಷ್ಟ. ಮನುಷ್ಯ ಕಾಡನ್ನು ಎಷ್ಟು ಗಮನವಿಟ್ಟು ಕೇಳಿಸಿಕೊಂಡಿದ್ದ ಎನ್ನುವುದು ಬೇಟೆಗಾರರ ಬರಹದಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಅಮೆರಿಕದ ಟರ್ಕಿ ಬೇಟೆಗಾರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಕಾಡಿನ ದಿಣ್ಣೆಯೊಂದನ್ನು ಹತ್ತಿ ನಿಲ್ಲುತ್ತಾನೆ. ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಗೂಬೆಯ ಹಾಗೆ ಕೂಗುತ್ತಾನೆ. ಕೂಗಿ, ಉಸಿರು ಬಿಗಿಹಿಡಿದು ಕಾಯುತ್ತಾನೆ. ಅದೃಷ್ಟವಿದ್ದರೆ ದೂರದ ಮರವೊಂದರ ಮೇಲಿಂದ 'ಗೊಬಲ್ ಗೊಬಲ್ ಗೊಬಲ್' ಎಂದು ಟರ್ಕಿ ಹುಂಜ ಓಗೊಡುತ್ತದೆ. ಅಲ್ಲಿಗೆ ಅದರ ವಿಳಾಸ ಸಿಕ್ಕಿತು! ಈ ಬಗೆಯ ಕೂಗಿಗೆ ಅವರು 'ಲೊಕೇಟರ್ ಕಾಲ್' ಎನ್ನುತ್ತಾರೆ. ನಾವು 'ಪತ್ತೆ ಕೂಗು' ಎನ್ನೋಣ.

ಗೂಬೆ ಕೂಗಿದರೆ ಅಪಶಕುನ ಎಂದು ನಂಬಿ ಬೆಳೆದವರು ನಾವು. ಆ ಹುಂಜದ ಪಾಲಿಗಂತೂ ಈ ಮಾತು ಅಕ್ಷರಶಃ ನಿಜ. ಅಲ್ಲಿ ಕೂಗುವುದು ಬಾರ್ಡ್ ಔಲ್ ಎಂಬ ಪಟ್ಟೆಪಟ್ಟೆ ಮೈಯ ಗೂಬೆ. ಅದರ ಕೂಗನ್ನು ಅಮೆರಿಕದವರು 'ಹೂ ಕುಕ್ಸ್ ಫಾರ್ ಯೂ?' ಎಂದು ಕೇಳಿಸಿಕೊಳ್ಳುತ್ತಾರೆ. ಅಂದರೆ 'ನಿನಗೆ ಅಡುಗೆ ಮಾಡಿ ಹಾಕುವವರು ಯಾರು?' ಎಂದರ್ಥ. ಊರು ಬಿಟ್ಟು ಮುಂಬೈಗೆ ಬಂದು, ಒಂದೇ ಖೋಲಿಯಲ್ಲಿ ಐದಾರು ಮಂದಿ ಬ್ರಹ್ಮಚಾರಿಗಳು ಸ್ಟೋವ್ ಹಚ್ಚಿಕೊಂಡು ಬದುಕಿದ ನಮ್ಮ ತಲೆಮಾರಿನವರನ್ನು ಆ ಗೂಬೆ ದಿನಾ ಕೇಳಬಹುದಾಗಿದ್ದ ಪ್ರಶ್ನೆ ಅದು. ಇರಲಿ.

ಗೂಬೆಗೂ ಟರ್ಕಿಗೂ ಏನು ಸಂಬಂಧ? ಚಿಕ್ಕಂದಿನಲ್ಲಿ ನಾವೆಲ್ಲ ಮಾವಿನ ತೋಪಿನಲ್ಲಿ ಕೋಗಿಲೆಯನ್ನು ಅಣಕಿಸಿದವರೇ. ನಾವು 'ಕುಹೂ' ಎಂದರೆ ಅದು ಇನ್ನೂ ಎತ್ತರದ ದನಿಯಲ್ಲಿ 'ಕುಹೂ' ಎನ್ನುತ್ತಿತ್ತು. ಅದು ತನ್ನ ಜಾತಿಯ ದನಿಗೆ ಕೊಡುವ ಉತ್ತರ. ಟರ್ಕಿಯದು ಹಾಗಲ್ಲ. ವಸಂತದಲ್ಲಿ, ಅಂದರೆ ಮಾರ್ಚ್‌ನಿಂದ ಮೇವರೆಗೆ, ಹೆಣ್ಣುಗಳನ್ನು ಕರೆಯುವ ಹುಮ್ಮಸ್ಸಿನಲ್ಲಿರುವ ಹುಂಜ ಯಾವುದೇ ದೊಡ್ಡ ಸದ್ದು ದಿಢೀರನೆ ಕೇಳಿದರೂ ತಡೆಯಲಾರದೆ ಕೂಗಿಬಿಡುತ್ತದೆ. ಗೂಬೆ, ಕಾಗೆ, ಮರಕುಟಿಗ, ಗುಡುಗು, ಕಾರಿನ ಬಾಗಿಲು ಬಡಿದ ಸದ್ದು, ಏನಾದರೂ ಸರಿ. ಬೇಟೆಗಾರರು ಇದನ್ನು 'ಶಾಕ್ ಗಾಬಲ್' ಎನ್ನುತ್ತಾರೆ. ಬೆಚ್ಚಿಬಿದ್ದು ಹೊರಡುವ ಕೂಗು. ಗುಡುಗಿದಾಗ ನಮ್ಮ ನವಿಲು ಕೂಗುವುದಿಲ್ಲವೇ, ಹಾಗೆ. ತಮಾಷೆಯೆಂದರೆ ನಮ್ಮ ನವಿಲಿನ ಕೂಗನ್ನು ಹೊರಡಿಸುವ ಪೀಪಿಯೂ ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಟರ್ಕಿ ಹುಡುಕಲೆಂದೇ ಸಿಗುತ್ತದೆ. ಆ ಕಾಡುಗಳ ಟರ್ಕಿ ನವಿಲನ್ನು ಕಂಡಿಲ್ಲ, ಆದರೂ ಅದರ ಕೂಗಿಗೆ ಉತ್ತರ ಕೊಡುತ್ತದೆ.

ನೇರವಾಗಿ ಹೆಣ್ಣು ಟರ್ಕಿಯ ದನಿಯಲ್ಲೇ ಕರೆಯಬಹುದಲ್ಲ, ಈ ಗೂಬೆಯ ವೇಷ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಹೆಣ್ಣಿನ ದನಿ ಕೇಳಿದರೆ ಹುಂಜ ಆ ಕಡೆಗೆ ನಡೆದು ಬರಲು ಶುರುಮಾಡಬಹುದು. ಬೇಟೆಗಾರ ಇನ್ನೂ ಬಯಲಲ್ಲಿ ನಿಂತಿದ್ದರೆ ಮುಗಿಯಿತು. ಟರ್ಕಿಯ ಕಣ್ಣು ಬಲು ಚುರುಕು, ತಲೆಯ ಎರಡೂ ಬದಿಗೆ ಕಣ್ಣಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಭಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಗೂಬೆಯ ಕೂಗಾದರೆ ಹುಂಜ ಉತ್ತರಿಸುತ್ತದೆ, ಆದರೆ ಕೂತ ಜಾಗ ಬಿಟ್ಟು ಕದಲುವುದಿಲ್ಲ. ಬೇಟೆಗಾರನಿಗೆ ಬೇಕಾದ್ದೂ ಅಷ್ಟೇ. ದಿಕ್ಕು, ದೂರ ಅಂದಾಜು ಮಾಡಿ, ಸದ್ದಿಲ್ಲದೆ ನೂರು ನೂರೈವತ್ತು ಗಜದಷ್ಟು ಹತ್ತಿರ ಹೋಗಿ, ದಪ್ಪನೆಯ ಮರಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಬೆಳಕು ಹರಿದು ಹಕ್ಕಿ ಮರದಿಂದ ಇಳಿಯುವ ಹೊತ್ತಿಗೆ ಹೆಣ್ಣಿನ ದನಿಯಲ್ಲಿ ಮೆಲ್ಲಗೆ ಕರೆಯುತ್ತಾನೆ. ಹೊತ್ತೇರಿದ ಮೇಲೆ ಗೂಬೆ ಕೂಗಿದರೆ ಸಹಜವಾಗಿರುವುದಿಲ್ಲ, ಆಗ ಕಾಗೆಯ ಕೂಗು. ಸಂಜೆ ಹಕ್ಕಿ ಮರವೇರಿದ ಮೇಲೆ ಮತ್ತೆ ಗೂಬೆ, ಇಲ್ಲವೇ ಕಯೋಟಿ ಎಂಬ ಆ ದೇಶದ ತೋಳದಂಥ ಪ್ರಾಣಿಯ ಊಳು. ಮರುದಿನ ಎಲ್ಲಿಗೆ ಹೋಗಬೇಕೆಂದು ಹಿಂದಿನ ಸಂಜೆಯೇ ಗೊತ್ತು ಮಾಡಿಕೊಳ್ಳುವುದು.

ಇದರಲ್ಲೊಂದು ತಿರುಗುಮುರುಗು ಇದೆ. ಸಾಮಾನ್ಯವಾಗಿ ಟರ್ಕಿಗಳಲ್ಲಿ ಹುಂಜ ಒಂದು ಕಡೆ ನಿಂತು ಕೂಗುತ್ತದೆ, ಹೇಂಟೆ ಅದರ ಬಳಿಗೆ ಹೋಗುತ್ತದೆ. ಬೇಟೆಗಾರ ಹುಂಜವನ್ನೇ ತನ್ನತ್ತ ಬರಿಸಬೇಕು. ಹಾಗಾಗಿ ಬಹಳ ಸಲ ಹುಂಜ ಬರುವುದೇ ಇಲ್ಲ. ಕೂಗುತ್ತಲೇ ಇರುತ್ತದೆ, ಹೆಜ್ಜೆ ಮಾತ್ರ ಮುಂದಿಡುವುದಿಲ್ಲ.

ಇದೇ ಮಾತನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬರು ಬರೆದಿಟ್ಟಿದ್ದಾರೆ. ಅವರು ಜಾನ್ ಜೇಮ್ಸ್ ಆಡುಬಾನ್, ಅಮೆರಿಕದ ಹಕ್ಕಿಗಳನ್ನು ಬಹು ದೊಡ್ಡ ಹಾಳೆಗಳ ಮೇಲೆ ಚಿತ್ರಿಸಿದವರು. ಅವರ ಚಿತ್ರಮಾಲೆಯ ಮೊತ್ತಮೊದಲ ಚಿತ್ರವೇ ಕಾಡು ಟರ್ಕಿ. ಚಿತ್ರಗಳ ಜೊತೆಗೆ ಅವರು ಬರೆದ ವಿವರಣೆಯ ಮೊದಲ ಸಂಪುಟ ಬಂದದ್ದು 1831ರಲ್ಲಿ. ಟರ್ಕಿಯ ರೆಕ್ಕೆಯ ಎಲುಬಿನಿಂದಲೇ ಮಾಡಿದ ಪೀಪಿಯಲ್ಲಿ ಉಸಿರೆಳೆದು ಹೆಣ್ಣಿನ ದನಿ ಹೊರಡಿಸುವ ವಿದ್ಯೆಯನ್ನು ಅವರು ಅಲ್ಲಿ ಹೇಳುತ್ತಾರೆ. ಸ್ವಲ್ಪ ತಪ್ಪಿದರೂ ಹಕ್ಕಿಗೆ ಮೋಸ ಗೊತ್ತಾಗುತ್ತದೆ, ಎಷ್ಟೋ ಹುಂಜಗಳು ಉತ್ತರ ಕೊಡುತ್ತವೆಯೇ ಹೊರತು ಕದಲುವುದಿಲ್ಲ ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಗೂಬೆಯ ಕೂಗನ್ನು ಅಣಕಿಸಿದರೆ ಮರದ ಮೇಲೆ ಕೂತ ಹುಂಜ ಉತ್ತರಿಸುತ್ತದೆ, ಹೀಗೆ ತಂಗುಮರದಲ್ಲೇ ಗುಂಡಿಗೆ ಬಲಿಯಾದವು ಬಹಳ ಎಂದು. ಅಂದರೆ ಪತ್ತೆ ಕೂಗು ಇವತ್ತಿನ ಕಂಪನಿಗಳ ಪ್ಲಾಸ್ಟಿಕ್ ಪೀಪಿಯ ಜೊತೆ ಹುಟ್ಟಿದ್ದಲ್ಲ. ಆಡುಬಾನ್ ಕಾಲಕ್ಕೇ ಅದು ಎಲ್ಲರಿಗೂ ಗೊತ್ತಿದ್ದ ವಿದ್ಯೆ.

ಆಗ ಆ ಕೂಗಿನ ಕೊನೆ ಹೇಗಿತ್ತು ನೋಡಿ. ಹಕ್ಕಿ ಉತ್ತರಿಸಿತು, ಮರದ ಕೆಳಗೆ ಹೋಗಿ ಹೊಡೆದರು, ಮುಗಿಯಿತು. ಅದರ ಜೊತೆಗೆ ಬೋನುಗಳು ಬೇರೆ. ದಿಮ್ಮಿಗಳಿಂದ ಮುಚ್ಚಿದ ದೊಡ್ಡಿ ಕಟ್ಟಿ, ಅದರೊಳಕ್ಕೆ ನೆಲದಲ್ಲಿ ಕಾಲುವೆ ತೋಡಿ, ಉದ್ದಕ್ಕೂ ಜೋಳ ಚೆಲ್ಲುತ್ತಿದ್ದರು. ತಲೆ ತಗ್ಗಿಸಿ ಕಾಳು ಹೆಕ್ಕುತ್ತಾ ಒಳಗೆ ಬಂದ ಹಕ್ಕಿಗಳು ಆಮೇಲೆ ಮೇಲಕ್ಕೇ ನೋಡುತ್ತಾ ಸುತ್ತು ಹಾಕುತ್ತಿದ್ದವು, ಬಂದ ದಾರಿ ಕಾಲ ಬುಡದಲ್ಲೇ ಇದ್ದರೂ ಕಾಣುತ್ತಿರಲಿಲ್ಲ. ಆಡುಬಾನ್ ಕೆಂಟಕಿಗೆ ಹೋದ ಹೊಸತರಲ್ಲಿ ಹತ್ತು ಹನ್ನೆರಡು ಪೌಂಡ್ ತೂಗುವ ಕಾಡು ಟರ್ಕಿಯನ್ನು ಮೂರು ಪೆನ್ಸ್‌ಗೆ ಮಾರುವುದನ್ನು ಕಂಡಿದ್ದರಂತೆ. ಅಷ್ಟು ಅಗ್ಗವಾದ ಜೀವಕ್ಕೆ ಕೊನೆ ಇದೆ ಎಂದು ಯಾರಿಗೆ ತಾನೇ ಅನಿಸೀತು?

ಕೊನೆ ಹತ್ತಿರವೇ ಇತ್ತು. ಕಾಡು ಕಡಿದು ಹೊಲ ಮಾಡಿದರು, ಮಾರುಕಟ್ಟೆಗಾಗಿ ವರ್ಷವಿಡೀ ಹೊಡೆದರು, ಮೊಟ್ಟೆಗೆ ಕೂತ ಹೇಂಟೆಯನ್ನೂ ಬಿಡಲಿಲ್ಲ. ಕನೆಕ್ಟಿಕಟ್‌ನಲ್ಲಿ 1813ರ ಹೊತ್ತಿಗೆ ಟರ್ಕಿ ಮುಗಿಯಿತು. ಮ್ಯಾಸಚೂಸೆಟ್ಸ್‌ನಲ್ಲಿ 1851ರಲ್ಲಿ ಮೌಂಟ್ ಟಾಮ್ ಎಂಬ ಬೆಟ್ಟದಲ್ಲಿ ಕೊನೆಯದು ಸತ್ತಿತು ಎನ್ನುತ್ತದೆ ದಾಖಲೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತವರೂರೇ ಅದು! ಕೋಟಿಗಟ್ಟಲೆ ಇದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಾಗ ಟರ್ಕಿಯೂ ಅದೇ ದಾರಿಯಲ್ಲಿತ್ತು. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು 2 ಲಕ್ಷದ ಆಸುಪಾಸು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅವೂ ಮನುಷ್ಯರು ಹೋಗಲು ಕಷ್ಟವಾದ ಜೌಗು, ಕಣಿವೆಗಳಲ್ಲಿ.

ಮುಂದಿನ ಭಾಗ ನನಗೆ ಹೆಚ್ಚು ಮುಖ್ಯವೆನಿಸುವುದು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ತೋಟಾಗಳ ಮೇಲಿನ ತೆರಿಗೆಯ ಹಣವನ್ನು ವನ್ಯಜೀವಿಗಳಿಗೇ ಖರ್ಚು ಮಾಡಬೇಕೆಂಬ ಕಾನೂನು ಅದು. ಹಣ ಬಂತು, ಆದರೆ ಹಕ್ಕಿ ಎಲ್ಲಿಂದ ತರುವುದು? ಫಾರಮ್ಮುಗಳಲ್ಲಿ ಮೊಟ್ಟೆ ಒಡೆಸಿ, ಸಾಕಿ, ಸಾವಿರ ಸಾವಿರ ಹಕ್ಕಿಗಳನ್ನು ಕಾಡಿಗೆ ಬಿಟ್ಟರು. ಅವು ಬದುಕಲಿಲ್ಲ. ಯಾಕೆ ಎಂಬುದಕ್ಕೆ ಸ್ಟಾರ್ಕರ್ ಲಿಯೋಪಾಲ್ಡ್ ಎಂಬ ವಿಜ್ಞಾನಿ ಮಿಸೌರಿಯ ಹಕ್ಕಿಗಳನ್ನು ಅಭ್ಯಾಸ ಮಾಡಿ 1944ರಲ್ಲಿ ಬರೆದರು. ಕಾಡುತನ ಎನ್ನುವುದು ಹುಟ್ಟಿನಿಂದ ಬರುವ ಗುಣ, ಊರ ಕೋಳಿಯ ರಕ್ತ ಬೆರೆತರೆ ಅದು ಕಳೆದುಹೋಗುತ್ತದೆ ಎಂಬುದು ಅವರ ತೀರ್ಮಾನ. ಅದರ ಜೊತೆಗೆ, ಫಾರಮ್ಮಿನ ಮರಿಗೆ ಕಲಿಸಲು ತಾಯಿಯೂ ಇರಲಿಲ್ಲ. ಗಿಡುಗ ಬಂದಾಗ ತಾಯಿ ಎಚ್ಚರಿಕೆ ಕೊಟ್ಟರೆ ಕಾಡಿನ ಮರಿ ಎಲೆಗಳ ನಡುವೆ ಅಲುಗಾಡದೆ ಅಡಗುತ್ತದೆ. ಆ ದನಿಯನ್ನೇ ಕೇಳದೆ ಬೆಳೆದ ಮರಿಗೆ ಏನು ಗೊತ್ತು?

ಹಾಗಾಗಿ ಉಳಿದದ್ದು ಒಂದೇ ದಾರಿ. ಕಾಡಿನ ಹಕ್ಕಿಯನ್ನೇ ಜೀವಂತ ಹಿಡಿಯಬೇಕು, ಇಲ್ಲದ ಕಾಡಿಗೆ ಒಯ್ದು ಬಿಡಬೇಕು. 1951ರಲ್ಲಿ ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ರಾಷ್ಟ್ರೀಯ ಅರಣ್ಯದಲ್ಲಿ ಹರ್ಮನ್ ಹೋಲ್‌ಬ್ರೂಕ್ ಎಂಬ ತಜ್ಞರು, ಬಾತುಗಳನ್ನು ಹಿಡಿಯಲು ಬಳಸುತ್ತಿದ್ದ ಫಿರಂಗಿ ಬಲೆಯನ್ನು ಟರ್ಕಿಯ ಮೇಲೆ ಬಳಸಿ ಗೆದ್ದರು. ಕಾಳು ಚೆಲ್ಲಿ, ಮರೆಯಲ್ಲಿ ಕಾದು ಕೂತು, ಹಕ್ಕಿಗಳು ತಲೆ ತಗ್ಗಿಸಿದ ಕ್ಷಣ ಸಿಡಿಮದ್ದಿನಿಂದ ಬಲೆಯನ್ನು ಅವುಗಳ ಮೇಲೆ ಹಾರಿಸುವುದು. ಹಳೆಯ ಬೋನಿನ ಉಪಾಯವೇ. ಹಕ್ಕಿ ಎಲ್ಲಿ ತಂಗುತ್ತದೆ, ಎಲ್ಲಿ ಮೇಯುತ್ತದೆ, ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬ ಬೇಟೆಗಾರನ ತಿಳಿವಳಿಕೆಯೇ. ಕೊನೆಯಲ್ಲಿ ಮಾಡಿದ್ದು ಮಾತ್ರ ಬೇರೆ. ಕತ್ತು ಮುರಿಯುವ ಬದಲು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೇರೆ ಕಾಡಿಗೆ ಕಳಿಸಿದರು.

ಮಿಸೌರಿಯಲ್ಲಿ ಬಹಳ ವರ್ಷ ಬೇಟೆಯನ್ನೇ ನಿಲ್ಲಿಸಿ, ಹಕ್ಕಿ ಹೆಚ್ಚಿದ ಮೇಲೆ 1960ರಲ್ಲಿ 14 ಕೌಂಟಿಗಳಲ್ಲಿ ಮಾತ್ರ ಮತ್ತೆ ಅನುಮತಿ ಕೊಟ್ಟರು. ಆ ವರ್ಷ ಸತ್ತದ್ದು 94 ಹುಂಜ. 1972-73ರಲ್ಲಿ ಮ್ಯಾಸಚೂಸೆಟ್ಸ್‌ಗೆ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿಗಳನ್ನು ತಂದು ಬಿಟ್ಟರು. ಈಗ ಅಲ್ಲಿ 25 ಸಾವಿರಕ್ಕೂ ಹೆಚ್ಚಿವೆ. ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನ ರಸ್ತೆಗಳಲ್ಲಿ ನಮ್ಮ ಊರಿನ ದನಗಳ ಹಾಗೆ ಟ್ರಾಫಿಕ್ ತಡೆದು ನಿಲ್ಲುತ್ತವೆ. ಅಲ್ಲಿರುವ ಕನ್ನಡಿಗರನ್ನು ಕೇಳಿ ನೋಡಿ, ಪೇಪರ್ ತರಲು ಹೊರಗೆ ಹೋದಾಗ ಟರ್ಕಿ ಅಟ್ಟಿಸಿಕೊಂಡು ಬಂದ ಕತೆ ಒಬ್ಬರಾದರೂ ಹೇಳುತ್ತಾರೆ. ಈ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ಅಮೆರಿಕದಲ್ಲಿ ಟರ್ಕಿಗಳ ಸಂಖ್ಯೆ ಸುಮಾರು 60-70 ಲಕ್ಷ ಮುಟ್ಟಿತ್ತು.

ಇಷ್ಟೆಲ್ಲ ಆಗುವಾಗ ಗೂಬೆಯ ಕೂಗು ಏನಾಯಿತು? ಕೂಗು ಅದೇ ಉಳಿಯಿತು, ಅದರ ಮುಂದಿನ ಹೆಜ್ಜೆಗೆ ಕಟ್ಟುಪಾಡು ಬಂತು. ಮರದ ಮೇಲೆ ತಂಗಿದ ಹಕ್ಕಿಗೆ ಗುಂಡು ಹೊಡೆಯುವುದನ್ನು ಬಹಳ ರಾಜ್ಯಗಳು ನಿಷೇಧಿಸಿದವು, ಒಳ್ಳೆಯ ಬೇಟೆಗಾರರು ಅದನ್ನು ಹೀನ ಕೆಲಸ ಎಂದೂ ಎಣಿಸತೊಡಗಿದರು. ವಸಂತದ ಬೇಟೆ ಗಂಡಿಗೆ ಸೀಮಿತವಾಯಿತು. ಒಬ್ಬ ಬೇಟೆಗಾರನಿಗೆ ಇಷ್ಟೇ ಹಕ್ಕಿ ಎಂಬ ಮಿತಿ ಬಂತು. ಇಲ್ಲೊಂದು ಸೂಕ್ಷ್ಮವಿದೆ. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಕೂಡುವ ಕಾಲ ಚೆನ್ನಾಗಿ ನಡೆದ ಮೇಲೆ ಕೆಲವು ಹುಂಜ ಹೋದರೂ ಮೊಟ್ಟೆ, ಮರಿಗಳ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಗೂಬೆಯ ಕೂಗಿಗೆ ಗೊಬಲ್ ಎನ್ನುವುದು ಹುಂಜ ಮಾತ್ರ. ಗೂಡಿನಲ್ಲಿ ಕೂತ ಹೇಂಟೆ ಬಾಯಿ ಬಿಡುವುದಿಲ್ಲ. ಅಂದರೆ ಹೊಡೆಯಬಹುದಾದ್ದು ಯಾವುದು, ಬಿಡಬೇಕಾದ್ದು ಯಾವುದು ಎಂದು ಆ ಕೂಗೇ ಜರಡಿ ಹಿಡಿದು ಕೊಡುತ್ತದೆ. ಹಿಂದೆ ಹಕ್ಕಿಯನ್ನು ಮುಗಿಸಿದ ಉಪಾಯವೇ ಕಟ್ಟುಪಾಡಿನೊಳಗೆ ಬಂದಾಗ ಹಕ್ಕಿಯನ್ನು ಉಳಿಸುವ ಉಪಾಯವೂ ಆಯಿತು.

ಎಣಿಕೆಯೂ ಆ ಓಗೊಡುವ ದನಿಯಿಂದಲೇ. ವನ್ಯಜೀವಿ ಇಲಾಖೆಯವರು ವಸಂತದ ಬೆಳಗಿನ ಜಾವ ಗೊತ್ತಾದ ರಸ್ತೆಗಳಲ್ಲಿ ಹೋಗುತ್ತಾರೆ. ಗೊತ್ತಾದ ಜಾಗಗಳಲ್ಲಿ ನಿಂತು, ಕೆಲವು ನಿಮಿಷ ಕಿವಿಗೊಟ್ಟು, ಎಷ್ಟು ಹುಂಜ ಕೂಗಿದವು ಎಂದು ಬರೆದುಕೊಳ್ಳುತ್ತಾರೆ. ಈಗ ಮರಗಳಿಗೆ ರೆಕಾರ್ಡರ್ ಕಟ್ಟಿ, ತಿಂಗಳುಗಟ್ಟಲೆ ಧ್ವನಿ ಹಿಡಿದು, ಅದರಲ್ಲಿ ಟರ್ಕಿಯ ಕೂಗನ್ನು ಕಂಪ್ಯೂಟರಿನಿಂದ ಹೆಕ್ಕಿಸುವುದೂ ಉಂಟು. ದಕ್ಷಿಣ ಕೆರೊಲಿನಾ, ಜಾರ್ಜಿಯಾಗಳಲ್ಲಿ ನಡೆದ ಇಂಥ ಅಧ್ಯಯನಗಳಲ್ಲಿ ಬೇಟೆ ಶುರುವಾದ ಮೇಲೆ ಕೂಗು ಇಳಿಯುವುದು ಕಂಡುಬಂದಿದೆ. ಕೂಗುವ ಹುಂಜ ಸಾಯುತ್ತದೆ, ಉಳಿದದ್ದು ಬಾಯಿ ಮುಚ್ಚುತ್ತದೆ. ಸುಮ್ಮನಿದ್ದವನಿಗೆ ಉಳಿಗಾಲ ಎಂದು ಹಕ್ಕಿಯೂ ಕಲಿಯುತ್ತದೆ ಎಂದಾಯಿತು.

ಈ ಮೌನವನ್ನು ಗಮನಿಸುವುದು ಈಗ ಇನ್ನಷ್ಟು ಅಗತ್ಯವಾಗಿದೆ. ಯಾಕೆಂದರೆ ಆಗ್ನೇಯ ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದೊಂದು ಹೇಂಟೆಯ ಹಿಂದೆ ಕಾಣುವ ಮರಿಗಳ ಸಂಖ್ಯೆ ವರ್ಷಗಳಿಂದ ಕುಗ್ಗುತ್ತಿದೆ. ಟೆನೆಸಿ ರಾಜ್ಯ 2023ರಲ್ಲಿ ವಸಂತದ ಬೇಟೆಯನ್ನು ಎರಡು ವಾರ ಮುಂದಕ್ಕೆ ಹಾಕಿತು. ಹುಂಜಗಳು ತಮ್ಮ ಕೆಲಸ ಮುಗಿಸಲಿ, ಆಮೇಲೆ ಬೇಟೆ ಎಂಬ ಲೆಕ್ಕಾಚಾರ. ಒಮ್ಮೆ ಉಳಿಸಿದೆವು, ಇನ್ನು ಚಿಂತೆಯಿಲ್ಲ ಎನ್ನುವ ಹಾಗೆ ಯಾವ ಜೀವವೂ ಇಲ್ಲ.

ಇಷ್ಟು ಓದಿದ ಮೇಲೆ, ನಮಗೂ ಈ ಹಕ್ಕಿಗೂ ಏನು ಸಂಬಂಧ ಎಂದು ಅನಿಸಬಹುದು. ಸಂಬಂಧ ನಮ್ಮ ಕರಾವಳಿಯ ನೆರೆಯದೇ. 1612ರಲ್ಲಿ ಜಹಾಂಗೀರ್ ಬಾದಶಹನ ಅಧಿಕಾರಿ ಮುಕರ್ರಬ್ ಖಾನ್ ಪೋರ್ಚುಗೀಸರ ಗೋವಾದಿಂದ ಕೊಂಡು ತಂದ ವಿಚಿತ್ರ ಪ್ರಾಣಿಗಳಲ್ಲಿ ಒಂದು ಟರ್ಕಿ ಹುಂಜವೂ ಇತ್ತು. ಅದು ನವಿಲಿನ ಹಾಗೆ ಗರಿ ಬಿಚ್ಚಿ ಕುಣಿಯುತ್ತದೆ, ಅದರ ತಲೆ ಕತ್ತುಗಳ ಬಣ್ಣ ಗೋಸುಂಬೆಯಂತೆ ಬದಲಾಗುತ್ತದೆ ಎಂದು ಬಾದಶಹ ತನ್ನ ದಿನಚರಿಯಲ್ಲಿ ಬೆರಗಾಗಿ ಬರೆದುಕೊಂಡಿದ್ದಾನೆ. ಅವನ ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಆ ಹಕ್ಕಿಯ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹೆಸರಿನ ಗೊಂದಲವೂ ಸೊಗಸಾಗಿದೆ. ಇಂಗ್ಲಿಷರು ಅದನ್ನು ಟರ್ಕಿ ಎಂದರೆ ಟರ್ಕಿ ದೇಶದವರು 'ಹಿಂದಿ' ಎನ್ನುತ್ತಾರೆ, ಅಂದರೆ ಇಂಡಿಯಾದ್ದು! ಪಾಪ, ಮೆಕ್ಸಿಕೋದಲ್ಲಿ ಪಳಗಿಸಿದ ಹಕ್ಕಿಗೆ ಯಾರೂ ಅದರ ಊರಿನ ಹೆಸರು ಕೊಡಲಿಲ್ಲ. ಹೋದಲ್ಲೆಲ್ಲ ಬೇರೆ ಊರಿನ ಹೆಸರು ಹೊತ್ತು ಬದುಕುವುದು ಏನೆಂದು ಮುಂಬೈಯಲ್ಲಿ 'ಮದ್ರಾಸಿ' ಎನಿಸಿಕೊಂಡ ನಮಗೆ ಗೊತ್ತಿಲ್ಲವೇ?

ಬೇಟೆಗಾರನ ವಿದ್ಯೆಯನ್ನು ಹಕ್ಕಿಯ ಪರವಾಗಿ ತಿರುಗಿಸಿದ ಕತೆ ನಮ್ಮಲ್ಲೂ ಇದೆ, ಅದೂ ಇದೇ ಮುಂಬೈಯಲ್ಲಿ. ಫೋರ್ಟ್‌ನ ಲಯನ್ ಗೇಟ್ ಹತ್ತಿರ ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡ ನೋಡಿರಬಹುದು. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಈ ಸಂಸ್ಥೆ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈ ಹಾಕಿದಾಗ ಮೊದಲ ಪ್ರಶ್ನೆ, ಗಾಯವಾಗದಂತೆ ಹಕ್ಕಿ ಹಿಡಿಯುವವರು ಯಾರು? ಪದವಿ ಪಡೆದ ಯಾರಿಗೂ ಅದು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಬಿಹಾರದ ಮೀರ್‌ಶಿಕಾರ್ ಎಂಬ ಹಕ್ಕಿ ಹಿಡಿಯುವ ಸಮುದಾಯದವರಿಗೆ. ಆ ಸಮುದಾಯದ ಅಲಿ ಹುಸೇನ್ ಬಲೆ, ಕುಣಿಕೆಗಳ ಕುಲವಿದ್ಯೆಯಿಂದ ಈ ಸಂಸ್ಥೆಗಾಗಿ ವರ್ಷಗಟ್ಟಲೆ ಹಕ್ಕಿ ಹಿಡಿದುಕೊಟ್ಟರು, ವಿಜ್ಞಾನಿಗಳ ನಡುವೆ ಹೆಸರಾದರು. ಹಿಡಿದ ಹಕ್ಕಿಗೆ ಉಂಗುರ ತೊಡಿಸಿ ಬಿಟ್ಟುಬಿಡುವುದು.

ನಮ್ಮ ಕರ್ನಾಟಕದ ಹಕ್ಕಿಪಿಕ್ಕಿಗಳ ಕೈಯಲ್ಲಿ, ಮಹಾರಾಷ್ಟ್ರದ ಪಾರಧಿಗಳ ಕೈಯಲ್ಲಿ ಇದ್ದದ್ದೂ ಇಂಥದೇ ವಿದ್ಯೆ. ಗೌಜಲ ಹಕ್ಕಿಯ ಕೂಗನ್ನು ಅದೇ ನಂಬುವಂತೆ ಕೂಗಬಲ್ಲವರು ಇವರು. ಪಾರಧಿಗಳಿಗೆ ಬ್ರಿಟಿಷರು 1871ರ ಕಾಯ್ದೆಯ ಅಡಿಯಲ್ಲಿ ಹುಟ್ಟು ಅಪರಾಧಿಗಳೆಂಬ ಪಟ್ಟ ಕಟ್ಟಿದರು. ಸ್ವತಂತ್ರ ಭಾರತ 1952ರಲ್ಲಿ ಅದನ್ನು ತೆಗೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ನಿಲ್ಲಿಸಬೇಕಾದ್ದೇ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಬೇಟೆ ನಿಂತಾಗ ಆ ಕಿವಿಗಳಿಗೆ, ಆ ದನಿಗಳಿಗೆ ಬೇರೆ ಕೆಲಸ ಕೊಡಬೇಕಾಗಿತ್ತು. ಅಲಿ ಹುಸೇನರಿಗೆ ಸಿಕ್ಕ ಅವಕಾಶ ಅವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು? ಹಕ್ಕಿಯ ಕೂಗು ತಿಳಿದ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಮೊಮ್ಮಕ್ಕಳು ಸಿಗ್ನಲ್ಲಿನಲ್ಲಿ ಬಲೂನು ಮಾರುತ್ತಾರೆ.

ಅಮೆರಿಕದವರನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಮೊದಲು ಮುಗಿಸಿದವರೂ ಅವರೇ. ಆದರೆ ಮುಗಿಸುವ ಕೈಯಲ್ಲಿದ್ದ ತಿಳಿವಳಿಕೆಯನ್ನು ಬಿಸಾಡದೆ, ಅದಕ್ಕೆ ಕಟ್ಟುಪಾಡು ಹಾಕಿ, ಹಣ ಕೊಟ್ಟು, ಕೆಲಸಕ್ಕೆ ಹಚ್ಚಿದರು. ಇವತ್ತಿಗೂ ಆ ದಿಣ್ಣೆಯ ಮೇಲೆ ನಿಂತು ಗೂಬೆಯಂತೆ ಕೂಗುವ ಇಬ್ಬರಲ್ಲಿ ಒಬ್ಬನ ಕೈಯಲ್ಲಿ ಬಂದೂಕು ಇರಬಹುದು, ಇನ್ನೊಬ್ಬನ ಕೈಯಲ್ಲಿ ಪೆನ್ಸಿಲ್ಲು. ಇಬ್ಬರಿಗೂ ಬೇಕಾದ್ದು ಒಂದೇ, ಆ ಕಡೆಯಿಂದ ಒಂದು ಉತ್ತರ. ಉತ್ತರ ಬರುವಷ್ಟು ಹಕ್ಕಿಗಳನ್ನು ಉಳಿಸಿಕೊಂಡರೆ ಮಾತ್ರ ಇಬ್ಬರಿಗೂ ಕೆಲಸ.